ಕಷ್ಟಪಟ್ಟಷ್ಟೂ ಒಳ್ಳೆಯವರಾಗುತ್ತೇವೆಯೇ?

ಪ್ರಶ್ನೆ: ನನಗೆ ನಲವತ್ತೆರಡು ವರ್ಷ. ಅಮ್ಮನಿಗೆ ಮೊಣಕಾಲಿನ ಕೀಲು ಸವೆದಿದೆ. ವೈದ್ಯರು ಮಾತ್ರೆ, ವ್ಯಾಯಾಮ ಎರಡನ್ನೂ ಹೇಳಿದ್ದಾರೆ. ಅಮ್ಮ ಎರಡನ್ನೂ ಮಾಡುವುದಿಲ್ಲ. "ಅನುಭವಿಸಿಯೇ ತೀರಿಸಬೇಕಾದದ್ದು, ನೀನು ತಲೆ ಕೆಡಿಸಿಕೊಳ್ಳಬೇಡ" ಎನ್ನುತ್ತಾರೆ. ಒಬ್ಬರೇ ದುಡಿದು ನಮ್ಮನ್ನು ಸಾಕಿದವರು, ಹಾಗಾಗಿ ಎದುರು ಮಾತಾಡಲು ಬಾಯಿ ಬರುವುದಿಲ್ಲ. ನಾನೂ ಅವರಂತೆಯೇ ಬೆಳೆದೆ. ಭಾನುವಾರ ಅರ್ಧ ಗಂಟೆ ಸುಮ್ಮನೆ ಮಲಗಿದರೂ ಏನೋ ತಪ್ಪು ಮಾಡಿದ ಭಾವನೆ ಬರುತ್ತದೆ. ಕಚೇರಿಯಲ್ಲಿ ಕಿರಿಯರು ಸಮಯಕ್ಕೆ ಸರಿಯಾಗಿ ಎದ್ದು ಹೊರಟರೆ ಒಳಗೊಳಗೇ ಸಿಟ್ಟು ಬರುತ್ತದೆ. ನಾವು ಪಟ್ಟ ಪಾಡು ಇವರಿಗೇಕೆ ಬೇಡ ಅನ್ನಿಸುತ್ತದೆ. ಹದಿನಾಲ್ಕು ವರ್ಷದ ಮಗನಿಗೆ ಎಲ್ಲವೂ ಸುಲಭವಾಗಿ ಸಿಗುತ್ತಿದೆ, ಬೇಕೆಂದೇ ಸ್ವಲ್ಪ ಕಷ್ಟ ಕೊಡಬೇಕೇ ಎಂದೂ ಯೋಚಿಸುತ್ತೇನೆ. ಉಳಿಪೆಟ್ಟು ಬೀಳದೆ ಕಲ್ಲು ಶಿಲ್ಪವಾಗುವುದಿಲ್ಲ ಎನ್ನುತ್ತಾರಲ್ಲ. ಕಷ್ಟ ಸಹಿಸುವುದು ನಿಜವಾಗಿ ದೊಡ್ಡ ಗುಣವೇ, ಅಥವಾ ನಾವು ಎಲ್ಲೋ ದಾರಿ ತಪ್ಪಿದ್ದೇವೆಯೇ?

ಉತ್ತರ: ತಾಯಿಯ ಮೊಣಕಾಲು, ನಿಮ್ಮ ಭಾನುವಾರದ ಅಪರಾಧಿಭಾವ, ಕಿರಿಯರ ಮೇಲಿನ ಸಿಟ್ಟು, ಮಗನ ಬಗೆಗಿನ ಅಳುಕು, ಇವು ಬೇರೆ ಬೇರೆ ಸಂಗತಿಗಳಂತೆ ಕಂಡರೂ ಹುಟ್ಟಿದ್ದು ಒಂದೇ ನಂಬಿಕೆಯಿಂದ. ಕಷ್ಟಪಡುವುದೇ ಒಂದು ಸದ್ಗುಣ, ಹೆಚ್ಚು ಕಷ್ಟಪಟ್ಟವರು ಹೆಚ್ಚು ಒಳ್ಳೆಯವರು, ಸುಲಭವಾಗಿ ಸಿಕ್ಕಿದ್ದಕ್ಕೆ ಬೆಲೆಯಿಲ್ಲ ಎಂಬುದು ಆ ನಂಬಿಕೆ. ಆಪ್ತಸಮಾಲೋಚನೆಗೆ ಬರುವ ಅನೇಕರ ತೊಂದರೆಗಳ ಬುಡದಲ್ಲಿ ನಾನು ಇದನ್ನೇ ಕಾಣುತ್ತೇನೆ. ಆದರೆ ಇದನ್ನೇ ತೊಂದರೆ ಎಂದು ಹೇಳಿಕೊಂಡು ಬರುವವರು ತೀರ ವಿರಳ, ಏಕೆಂದರೆ ಅದು ಅವರಿಗೆ ತಮ್ಮಲ್ಲಿರುವ ಅತ್ಯುತ್ತಮ ಗುಣವಾಗಿ ಕಾಣುತ್ತಿರುತ್ತದೆ. ಅದನ್ನು ಪ್ರಶ್ನೆಯಾಗಿ ಬರೆಯುವಷ್ಟು ದೂರ ನೀವು ಬಂದಿದ್ದೀರಿ ಎಂಬುದಕ್ಕೆ ನನಗೆ ನಿಜವಾಗಿ ಸಂತೋಷವಾಗಿದೆ.

ಮೊದಲು ನೇರವಾದ ಉತ್ತರ ಹೇಳಿಬಿಡುತ್ತೇನೆ. ಯಾವುದೋ ಒಳ್ಳೆಯ ಕಾರಣಕ್ಕಾಗಿ, ಬೇರೆ ದಾರಿಯಿಲ್ಲದಾಗ, ಕಷ್ಟವನ್ನು ಹೊತ್ತುಕೊಳ್ಳುವುದು ದೊಡ್ಡ ಗುಣವೇ ಸರಿ. ಆ ಗುಣ ಇರುವುದು ಹೊತ್ತುಕೊಂಡ ಕಾರಣದಲ್ಲಿ, ಹೊರುವಾಗಿನ ಸ್ಥೈರ್ಯದಲ್ಲಿ. ನೋವಿನಲ್ಲಿ ಗುಣವಿಲ್ಲ. ಉರಿಯುವ ಮನೆಯಿಂದ ಮಗುವನ್ನು ಹೊತ್ತು ತಂದವನ ಕೈ ಸುಟ್ಟಿದ್ದರೆ ನಾವು ಅವನಿಗೆ ತಲೆಬಾಗುತ್ತೇವೆ. ಕೈ ಸುಡದೆಯೇ ಮಗುವನ್ನು ತಂದಿದ್ದರೂ ಅಷ್ಟೇ ತಲೆಬಾಗುತ್ತಿದ್ದೆವು, ಜೊತೆಗೆ ಸಮಾಧಾನದ ನಿಟ್ಟುಸಿರನ್ನೂ ಬಿಡುತ್ತಿದ್ದೆವು. ನಿಮ್ಮ ತಾಯಿ ಒಬ್ಬರೇ ದುಡಿದು ಮಕ್ಕಳನ್ನು ಬೆಳೆಸಿದ್ದು ಮಹತ್ತ್ವದ ಕೆಲಸ. ಇಂದು ಅವರು ಮಾತ್ರೆ ನುಂಗದೆ ನರಳುವುದರಿಂದ ಯಾವ ಮಗುವೂ ಬೆಳೆಯುವುದಿಲ್ಲ, ಯಾರ ಹೊಟ್ಟೆಯೂ ತುಂಬುವುದಿಲ್ಲ. ಎರಡೂ ಹೊರಗಿನಿಂದ ಸಹನೆಯಂತೆಯೇ ಕಾಣುವುದರಿಂದ ಒಂದಕ್ಕೆ ಸಲ್ಲಬೇಕಾದ ಗೌರವ ಇನ್ನೊಂದಕ್ಕೂ ಸಂದುಬಿಟ್ಟಿದೆ.

ಇವೆರಡನ್ನು ಬೇರ್ಪಡಿಸಲು ನಾನು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ. ಇದೇ ಫಲ ಈ ಕಷ್ಟವಿಲ್ಲದೆ ಸಿಗುವಂತಿದ್ದರೆ ನೀವು ಒಪ್ಪಿಕೊಳ್ಳುತ್ತೀರಾ? "ಖಂಡಿತ ಒಪ್ಪುತ್ತೇನೆ" ಎಂಬ ಉತ್ತರ ತಟ್ಟನೆ ಬಂದರೆ ಆ ಕಷ್ಟ ಒಂದು ಬೆಲೆ, ಬೇಕಾದುದಕ್ಕಾಗಿ ತೆತ್ತದ್ದು, ಅಷ್ಟೇ. ಉತ್ತರ ತಡವಾದರೆ, ಏನೋ ಕಳೆದುಕೊಂಡಂತಾದರೆ, ಸುಲಭವಾದ ದಾರಿ ಏಕೋ ಮೋಸದಂತೆ ಕಂಡರೆ, ಅಲ್ಲಿ ಕಷ್ಟವೇ ಗುರಿಯಾಗಿಬಿಟ್ಟಿದೆ. ಪ್ರಶ್ನೆ ಚಿಕ್ಕದಾದರೂ ಅನೇಕರು ಇದರ ಮುಂದೆ ಬಹಳ ಹೊತ್ತು ಸುಮ್ಮನೆ ಕುಳಿತಿರುತ್ತಾರೆ. ನೀವೂ ನಿಮ್ಮ ಭಾನುವಾರದ ಬಗ್ಗೆ ಇದನ್ನು ಕೇಳಿಕೊಳ್ಳಿ: ಮನೆಗೆಲಸವೆಲ್ಲ ತಾನಾಗಿಯೇ ಮುಗಿದಿದ್ದರೆ ನಿಮ್ಮ ಮನಸ್ಸು ನಿರಾಳವಾಗುತ್ತದೆಯೇ, ಅಥವಾ ಇನ್ನೊಂದು ಕೆಲಸ ಹುಡುಕುತ್ತದೆಯೇ?

ಈ ತಪ್ಪೆಣಿಕೆ ನಿಮ್ಮೊಬ್ಬರದಲ್ಲ, ಮನುಷ್ಯರೆಲ್ಲರ ಮನಸ್ಸೂ ಇತ್ತ ವಾಲುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅಮೆರಿಕ, ದಕ್ಷಿಣ ಕೊರಿಯಾ ಮತ್ತು ಫ್ರಾನ್ಸ್‌ಗಳಲ್ಲಿ ನಡೆದ ಅಧ್ಯಯನಗಳಲ್ಲಿ, ಒಂದೇ ಕೆಲಸವನ್ನು ಒಂದೇ ಗುಣಮಟ್ಟದಲ್ಲಿ ಮಾಡಿ ಮುಗಿಸುವ ಇಬ್ಬರ ವಿವರ ಕೊಡಲಾಯಿತು. ಒಬ್ಬರಿಗೆ ಅದು ಸಲೀಸು, ಇನ್ನೊಬ್ಬರಿಗೆ ಬಹಳ ಶ್ರಮ. ಶ್ರಮಪಡುವವರಿಂದ ಹೆಚ್ಚಿನ ಪ್ರಯೋಜನವೇನೂ ಆಗದಿದ್ದರೂ ಓದಿದವರು ಅವರನ್ನೇ ಹೆಚ್ಚು ನೈತಿಕ ವ್ಯಕ್ತಿ ಎಂದು ಗುರುತಿಸಿದರು. ಇದರ ಬೇರು ಅರ್ಥವಾಗದಂಥದ್ದೇನಲ್ಲ: ಒಟ್ಟಿಗೆ ಬಾಳುವವರಿಗೆ, ಕಷ್ಟ ಬಂದಾಗ ಯಾರು ಕೈಬಿಡುವುದಿಲ್ಲ ಎಂದು ತಿಳಿಯುವುದು ಮುಖ್ಯ, ಬೆವರು ಅದಕ್ಕೆ ಕಣ್ಣಿಗೆ ಕಾಣುವ ಗುರುತು. ಆದರೆ ಗುರುತನ್ನೇ ಗುಣವೆಂದು ಹಿಡಿದಾಗ ಬೆವರಿಗಾಗಿಯೇ ಬೆವರು ಹರಿಸುವ ಬದುಕು ಶುರುವಾಗುತ್ತದೆ.

ಪಟ್ಟ ಪಾಡು ವ್ಯರ್ಥವಾಯಿತು ಎಂದು ಒಪ್ಪಿಕೊಳ್ಳುವುದು ಮನಸ್ಸಿಗೆ ಬಹಳ ಕಠಿಣ ಎಂಬುದು ಇದಕ್ಕೆ ಸೇರುವ ಇನ್ನೊಂದು ಸಂಗತಿ. 1959ರಲ್ಲಿ ಎಲಿಯಟ್ ಆರನ್ಸನ್ ಮತ್ತು ಜಡ್ಸನ್ ಮಿಲ್ಸ್ ಎಂಬ ಮನೋವಿಜ್ಞಾನಿಗಳು ನಡೆಸಿದ ಪ್ರಯೋಗ ಇಂದಿಗೂ ಪಾಠದಲ್ಲಿ ಬರುತ್ತದೆ. ಒಂದು ಚರ್ಚಾಗುಂಪಿಗೆ ಸೇರಲು ಬಂದ ವಿದ್ಯಾರ್ಥಿನಿಯರಲ್ಲಿ ಕೆಲವರಿಗೆ ಬಹಳ ಮುಜುಗರದ ಪ್ರವೇಶ ಪರೀಕ್ಷೆ ಇಟ್ಟರು, ಕೆಲವರಿಗೆ ಹಗುರವಾದದ್ದು, ಉಳಿದವರಿಗೆ ಏನೂ ಇಲ್ಲ. ಅನಂತರ ಎಲ್ಲರಿಗೂ ಕೇಳಿಸಿದ್ದು ಒಂದೇ ಚರ್ಚೆ, ಅದೂ ಬೇಕೆಂದೇ ನೀರಸವಾಗಿ ಸಿದ್ಧಪಡಿಸಿದ್ದು. ಹೆಚ್ಚು ಮುಜುಗರ ಪಟ್ಟವರೇ ಆ ಚರ್ಚೆ ಚೆನ್ನಾಗಿದೆ ಎಂದರು. ಇಷ್ಟು ಸಹಿಸಿದ ಮೇಲೆ ಸಿಕ್ಕಿದ್ದು ಕಳಪೆ ಎಂದು ಒಪ್ಪುವುದಕ್ಕಿಂತ ಅದು ಅಮೂಲ್ಯ ಎಂದು ನಂಬುವುದು ಮನಸ್ಸಿಗೆ ಸುಲಭ. ಇದನ್ನು ಒಂದು ಗಂಟೆಯ ಪ್ರಯೋಗದಿಂದ ಇಡೀ ಆಯುಷ್ಯಕ್ಕೆ ಹಿಗ್ಗಿಸಿ ನೋಡಿ. ನಲವತ್ತು ವರ್ಷ ಹಲ್ಲು ಕಚ್ಚಿ ಬದುಕಿದವರಿಗೆ "ಅದರಲ್ಲಿ ಬಹುಪಾಲು ತಪ್ಪಿಸಬಹುದಾಗಿತ್ತು" ಎಂಬ ಮಾತು ಸಾಂತ್ವನವಾಗಿ ಕೇಳಿಸುವುದಿಲ್ಲ, ಅವರ ಬದುಕನ್ನೇ ಕಿತ್ತುಕೊಂಡಂತೆ ಕೇಳಿಸುತ್ತದೆ. ನಿಮ್ಮ ತಾಯಿ ಮಾತ್ರೆಗೆ ಒಡ್ಡುವ ವಿರೋಧದಲ್ಲಿ ಇದರ ಪಾಲು ಇರಬಹುದು. ಅದನ್ನು ಹಟ ಎಂದು ಕರೆದರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ.

ಪಾಪಭಾವಕ್ಕೂ ನೋವಿಗೂ ಇರುವ ನಂಟು ಮೂರನೆಯದು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಾವು ಮಾಡಿದ ಒಂದು ತಪ್ಪನ್ನು ನೆನೆದು ಬರೆದವರು, ಸಾಮಾನ್ಯ ದಿನಚರಿಯ ಬಗ್ಗೆ ಬರೆದವರಿಗಿಂತ ಹೆಚ್ಚು ಹೊತ್ತು ಕೈಯನ್ನು ಮಂಜುಗಡ್ಡೆಯ ನೀರಿನಲ್ಲಿ ಇಟ್ಟುಕೊಂಡರು. ಕೈ ತೆಗೆದ ಮೇಲೆ ಅವರ ಅಪರಾಧಿಭಾವವೂ ಕಡಿಮೆಯಾಗಿತ್ತು. ಗಮನಿಸಬೇಕಾದ ಮಾತೆಂದರೆ, ಅವರ ತಪ್ಪಿನಿಂದ ನೊಂದವರಿಗೆ ಆ ತಣ್ಣೀರಿನಿಂದ ಏನೂ ಸಿಗಲಿಲ್ಲ. ತಪ್ಪಿಗೆ ಪರಿಹಾರವಾಗದೆಯೇ ಮನಸ್ಸು ಹಗುರವಾಯಿತು. ನೋವು ಅನುಭವಿಸಿ ಲೆಕ್ಕ ಚುಕ್ತಾ ಮಾಡುವ ಈ ರೀತಿ ಎಷ್ಟು ಆಪ್ಯಾಯಮಾನವೋ ಅಷ್ಟೇ ಮೋಸದ್ದು, ಏಕೆಂದರೆ ನಿಜವಾದ ಪರಿಹಾರಕ್ಕೆ, ಅಂದರೆ ಕ್ಷಮೆ ಕೇಳುವುದಕ್ಕೆ, ಕೆಟ್ಟದ್ದನ್ನು ಸರಿಪಡಿಸುವುದಕ್ಕೆ, ಬೇಕಾದ ಒತ್ತಡವನ್ನೇ ಅದು ಇಳಿಸಿಬಿಡುತ್ತದೆ. ಯಾವ ತಪ್ಪನ್ನೂ ಮಾಡದ ನಿಮ್ಮಂಥವರಲ್ಲಿ ಈ ಅಭ್ಯಾಸ ಇನ್ನೊಂದು ರೂಪ ತಾಳುತ್ತದೆ: ಸುಖಪಡುವುದೇ ತಪ್ಪಾಗಿ, ದಣಿವೇ ಅದರ ಪ್ರಾಯಶ್ಚಿತ್ತವಾಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ನಂಬಿಕೆ ಹೇಗೆ ಹುಟ್ಟುತ್ತದೆ ಎಂಬುದು. ಅದು ಮಾಡುವ ಹಾನಿಯಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುವುದು ದೇಹಕ್ಕೆ ಆಗುವ ಹಾನಿ.

ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಮರುದಿನ ಹಾಸಿಗೆಯಲ್ಲಿರುವ ಒಬ್ಬ ಮಹಿಳೆಯನ್ನು ಕಲ್ಪಿಸಿಕೊಳ್ಳಿ. ನಾನು ಇಂಥವರನ್ನು ಮತ್ತೆ ಮತ್ತೆ ಕಂಡಿದ್ದೇನೆ. ನರ್ಸ್ ಬಂದು, ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟಿದೆ ಎಂದು ಕೇಳುತ್ತಾರೆ. "ಎರಡು" ಎಂಬ ಉತ್ತರ ಬರುತ್ತದೆ. ಆದರೆ ಆಕೆಯ ಬಲಗೈ ಹೊದಿಕೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದಿದೆ, ಗೆಣ್ಣುಗಳು ಬಿಳಿಚಿವೆ, ಮಾತು ಮುಗಿಸುವ ಮೊದಲೇ ಉಸಿರು ಅರ್ಧಕ್ಕೆ ನಿಲ್ಲುತ್ತದೆ. ನರ್ಸ್ ಎರಡು ಎಂದು ಬರೆದುಕೊಂಡು ಮುಂದಿನ ಹಾಸಿಗೆಗೆ ಹೋಗುತ್ತಾರೆ, ಔಷಧಿ ಹೆಚ್ಚಾಗುವುದಿಲ್ಲ. ಯಾರಿಗೂ ತೊಂದರೆ ಕೊಡಲಿಲ್ಲ ಎಂಬ ತೃಪ್ತಿ ಆಕೆಗೆ. ಆದರೆ ನೋವಿದ್ದಾಗ ಮನುಷ್ಯ ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮಿ ಕಫ ಹೊರಹಾಕುವುದಿಲ್ಲ, ಎದ್ದು ನಾಲ್ಕು ಹೆಜ್ಜೆ ಇಡುವುದಿಲ್ಲ. ಇದರಿಂದ ಶ್ವಾಸಕೋಶದ ಸೋಂಕು, ಕಾಲಿನ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವಿಕೆ ಇಂಥ ಅಪಾಯಗಳು ಹೆಚ್ಚುತ್ತವೆ. ಬಹಳ ಕಾಲ ಉಪಚಾರವಿಲ್ಲದೆ ಉಳಿದ ತೀವ್ರ ನೋವು ನರಮಂಡಲವನ್ನೇ ಸೂಕ್ಷ್ಮಗೊಳಿಸಿ, ಗಾಯ ವಾಸಿಯಾದ ಮೇಲೂ ಮುಂದುವರಿಯಬಹುದು. ಆಕೆಯ "ಎರಡು" ಎಂಬ ಉತ್ತರ ಸಹನೆಯಲ್ಲ, ವೈದ್ಯರಿಗೆ ಕೊಟ್ಟ ತಪ್ಪು ಮಾಹಿತಿ.

ನಿಮ್ಮ ತಾಯಿಯ ವಿಷಯದಲ್ಲೂ ಇದೇ ಲೆಕ್ಕ. ಸವೆದ ಮೊಣಕಾಲಿನ ನೋವಿಗೆ ಅಂಜಿ ಕಾಲನ್ನು ಬಳಸದಿದ್ದರೆ ತೊಡೆಯ ಮುಂಭಾಗದ ಸ್ನಾಯು ಸೊರಗುತ್ತದೆ, ಸ್ನಾಯು ಸೊರಗಿದಂತೆ ಕೀಲಿಗೆ ಆಸರೆ ತಪ್ಪುತ್ತದೆ, ನೋವು ಇನ್ನೂ ಹೆಚ್ಚುತ್ತದೆ. ವೈದ್ಯರು ವ್ಯಾಯಾಮ ಹೇಳುವುದು ಈ ಸುತ್ತನ್ನು ಮುರಿಯಲು, ಮಾತ್ರೆ ಕೊಡುವುದು ವ್ಯಾಯಾಮ ಮಾಡುವಷ್ಟಾದರೂ ನೋವು ತಗ್ಗಲಿ ಎಂದು. ಇದರಲ್ಲಿ ಸುಖಲೋಲುಪತೆಯ ಮಾತೇ ಇಲ್ಲ.

ನೋವಿಗೆ ಪವಿತ್ರತೆ ಕಟ್ಟಿದ್ದರಿಂದ ವೈದ್ಯಕೀಯವೇ ಎಷ್ಟು ತಡವರಿಸಿತು ಎಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. 1846ರ ಅಕ್ಟೋಬರ್‌ನಲ್ಲಿ ಬಾಸ್ಟನ್‌ನಲ್ಲಿ ಈಥರ್ ಎಂಬ ಅರಿವಳಿಕೆ ಬಳಸಿ ನೋವಿಲ್ಲದ ಶಸ್ತ್ರಚಿಕಿತ್ಸೆಯನ್ನು ಸಾರ್ವಜನಿಕವಾಗಿ ತೋರಿಸಲಾಯಿತು. ಮರುವರ್ಷ ಎಡಿನ್‌ಬರೋದ ವೈದ್ಯ ಜೇಮ್ಸ್ ಸಿಂಪ್ಸನ್ ಹೆರಿಗೆಯಲ್ಲಿ ಕ್ಲೋರೋಫಾರ್ಮ್ ಎಂಬ ಇನ್ನೊಂದು ಅರಿವಳಿಕೆ ಬಳಸತೊಡಗಿದಾಗ, ಹೆರಿಗೆನೋವು ದೇವರು ವಿಧಿಸಿದ್ದು, ಅದನ್ನು ತಗ್ಗಿಸುವುದು ತಪ್ಪು ಎಂಬ ಆಕ್ಷೇಪ ಎದ್ದಿತು. ನೋವು ಹೆರಿಗೆಗೆ ಒಳ್ಳೆಯದು ಎಂದು ವಾದಿಸಿದ ವೈದ್ಯರೂ ಇದ್ದರು. ಸಿಂಪ್ಸನ್ ಅದಕ್ಕೆ ಉತ್ತರವಾಗಿ ಒಂದು ಕಿರುಹೊತ್ತಗೆಯನ್ನೇ ಬರೆಯಬೇಕಾಯಿತು. 1853ರಲ್ಲಿ ರಾಣಿ ವಿಕ್ಟೋರಿಯಾ ತಮ್ಮ ಹೆರಿಗೆಗೆ ಕ್ಲೋರೋಫಾರ್ಮ್ ತೆಗೆದುಕೊಂಡ ಮೇಲೆ ಜನರ ಅಳುಕು ಎಷ್ಟೋ ತಗ್ಗಿತು. ಗಂಡಸಿನ ಕಾಲು ಕತ್ತರಿಸುವಾಗ ಈಥರ್ ಕೊಡುವುದನ್ನು ಸಹಜವೆಂದು ಒಪ್ಪಿದವರು ಹೆಣ್ಣಿನ ಹೆರಿಗೆಯ ವಿಷಯದಲ್ಲಿ ಮಾತ್ರ ನೋವಿನ ಮಹತ್ತ್ವವನ್ನು ಬೋಧಿಸಿದರು ಎಂಬುದನ್ನು ಮರೆಯಬಾರದು. ಕೊನೆಗಾಲದ ರೋಗಿಗಳ ನೋವನ್ನು ತಗ್ಗಿಸುವುದೇ ಒಂದು ವಿದ್ಯೆ ಎಂದು ತೋರಿಸಿಕೊಟ್ಟ ಬ್ರಿಟಿಷ್ ವೈದ್ಯೆ ಸಿಸಿಲಿ ಸಾಂಡರ್ಸ್ ಅವರ ಹಾಸ್ಪೈಸ್, ಅಂದರೆ ಅಂಥ ರೋಗಿಗಳ ಆರೈಕೆಮನೆ, ಲಂಡನ್ನಿನಲ್ಲಿ ಶುರುವಾಗಿದ್ದು 1967ರಲ್ಲಿ. ಅವರು ಆಳವಾದ ಧಾರ್ಮಿಕ ಶ್ರದ್ಧೆಯುಳ್ಳವರು; ಆ ಶ್ರದ್ಧೆಯೇ ಅವರನ್ನು ನೋವು ನಿವಾರಣೆಯತ್ತ ನಡೆಸಿತು. ನಂಬಿಕೆಗೂ ನೋವಿನ ಆರಾಧನೆಗೂ ಬಿಡಿಸಲಾಗದ ಗಂಟು ಇಲ್ಲ ಎಂಬುದಕ್ಕೆ ಅವರ ಬದುಕು ಸಾಕ್ಷಿ.

ತಾಯಿಯೊಡನೆ ಮಾತಾಡುವಾಗ ಧರ್ಮದ ಮಾತು ಬಂದೇ ಬರುತ್ತದೆ, ಆದ್ದರಿಂದ ಇದನ್ನೂ ತಿಳಿದಿರಿ. ಗೌತಮ ಬುದ್ಧ ದೇಹವನ್ನು ಎಲುಬಿನ ಗೂಡಾಗುವಂತೆ ದಂಡಿಸಿ, ಅದರಿಂದ ಅರಿವು ಮೂಡಲಿಲ್ಲವೆಂದು ಕಂಡುಕೊಂಡು, ಆಹಾರ ಸ್ವೀಕರಿಸಿ, ಅತಿ ಭೋಗ ಮತ್ತು ಅತಿ ದಂಡನೆ ಎರಡನ್ನೂ ಬಿಟ್ಟ ಮಧ್ಯಮ ಮಾರ್ಗವನ್ನು ಬೋಧಿಸಿದ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ, ಮೂಢ ಹಟದಿಂದ ತನ್ನನ್ನು ಪೀಡಿಸಿಕೊಂಡು ಮಾಡುವ ತಪಸ್ಸನ್ನು ತಾಮಸ ಎಂದು ಕರೆಯುತ್ತದೆ. ತಪಸ್ಸನ್ನು ಬಲ್ಲ ಪರಂಪರೆಗಳು ಸಂಯಮವನ್ನು ಹೊಗಳಿವೆ. ಬೇಡದ ಯಾತನೆಯ ಬಗ್ಗೆ ಎಚ್ಚರಿಸಿವೆ. ಆ ಎಚ್ಚರಿಕೆಯ ಭಾಗ ನಮ್ಮ ಮನೆಮಾತಿಗೆ ಇಳಿದು ಬರಲಿಲ್ಲ.

ಸಂಕಟವನ್ನು ಹೊಗಳುವ ರೂಢಿಯಿಂದ ಯಾರಿಗೆ ಲಾಭ ಎಂಬ ಪ್ರಶ್ನೆಯನ್ನೂ ಕೇಳಲೇಬೇಕು. ತ್ಯಾಗಮಯಿ ಎಂಬ ಬಿರುದು ಸಾಮಾನ್ಯವಾಗಿ ಯಾರಿಗೆ ಸಿಗುತ್ತದೆ ನೋಡಿ: ರೋಗಿಯ ಆರೈಕೆಯನ್ನು ಒಬ್ಬಳೇ ಹೊತ್ತ ಸೊಸೆಗೆ, ಸಂಬಳ ಹೆಚ್ಚದೆ ಎರಡಾಳಿನ ಕೆಲಸ ಮಾಡಿದ ನೌಕರನಿಗೆ, ದೂರು ಕೊಡದೆ ಏಟು ತಿಂದ ಹೆಂಡತಿಗೆ. ಹೊರೆಯನ್ನು ಹಂಚಿಕೊಳ್ಳಬೇಕಾದವರು ಅದರ ಬದಲು ಹೊಗಳಿಕೆ ಕೊಟ್ಟು ಹಿಂದೆ ಸರಿಯುತ್ತಾರೆ. ಅವರೆಲ್ಲ ದುರುದ್ದೇಶದವರು ಎಂದು ನಾನು ಹೇಳುತ್ತಿಲ್ಲ, ಬಹಳಷ್ಟು ಸಲ ಅವರ ಮೆಚ್ಚುಗೆ ಪ್ರಾಮಾಣಿಕವಾದದ್ದೇ. ಆದರೆ ಆ ಮೆಚ್ಚುಗೆಯಿಂದ ಹೊತ್ತವರ ಬೆನ್ನಿನ ಭಾರ ಒಂದಿಷ್ಟೂ ಇಳಿಯುವುದಿಲ್ಲ. ಇಳಿಸಿಕೊಳ್ಳಲು ಕೇಳಿದರೆ ಬಿರುದು ಹೋಗುತ್ತದೆ ಎಂಬ ಭಯ ಮಾತ್ರ ಹೊಸದಾಗಿ ಸೇರುತ್ತದೆ.

ಹೊಗಳಿಕೆಯೂ ಬಹಳ ಕಾಲ ಉಳಿಯುವುದಿಲ್ಲ. ಮೆಲ್ವಿನ್ ಲರ್ನರ್ ಮತ್ತು ಕ್ಯಾರೊಲಿನ್ ಸಿಮನ್ಸ್ 1966ರಲ್ಲಿ ಪ್ರಕಟಿಸಿದ ಪ್ರಯೋಗ ನನ್ನನ್ನು ಇಂದಿಗೂ ಕಲಕುತ್ತದೆ. ಒಬ್ಬಾಕೆಗೆ ವಿದ್ಯುತ್ ಆಘಾತ ಕೊಡುವಂತೆ ನಟಿಸಿ ತೋರಿಸಿ, ನೋಡುವವರು ಅವಳ ಬಗ್ಗೆ ಏನೆನ್ನುತ್ತಾರೆ ಎಂದು ಪರೀಕ್ಷಿಸಲಾಯಿತು. ಅವಳ ಯಾತನೆಯನ್ನು ನಿಲ್ಲಿಸಲು ಅವಕಾಶವಿಲ್ಲದಾಗ ಜನ ಅವಳನ್ನೇ ಕೀಳಾಗಿ ಕಾಣತೊಡಗಿದರು. ಲೋಕ ನ್ಯಾಯವಾಗಿಯೇ ನಡೆಯುತ್ತಿದೆ ಎಂಬ ನಂಬಿಕೆ ಉಳಿಯಬೇಕಾದರೆ ನರಳುವವಳಲ್ಲೇ ಏನೋ ಕೊರತೆ ಇರಬೇಕಲ್ಲ. ಇತರರಿಗಾಗಿ ತಾನೇ ಒಪ್ಪಿ ಆಘಾತ ಸಹಿಸುತ್ತಿದ್ದಾಳೆ ಎಂದು ತೋರಿಸಿದಾಗ ಈ ತಿರಸ್ಕಾರ ಇನ್ನೂ ಹೆಚ್ಚಿತು. ಮನೆಮಂದಿಗಾಗಿ ಜೀವ ತೇದವರು ಅನೇಕರು, ಅದೇ ಮನೆಮಂದಿ ತಮ್ಮನ್ನು ಹಗುರವಾಗಿ ಕಾಣುವುದನ್ನು ಹೇಳಿಕೊಂಡು ಅಳುತ್ತಾರೆ. ಅವರು ಕೃತಘ್ನರನ್ನು ಸಾಕಿದರು ಎನ್ನುವುದಕ್ಕಿಂತ, ಕಣ್ಣೆದುರಿನ ಸಂಕಟವನ್ನು ತಡೆಯದೆ ದಿನವೂ ನೋಡುವವರ ಮನಸ್ಸು ಆ ಸಂಕಟಕ್ಕೆ ಕಾರಣ ಹುಡುಕಿ ಕಲ್ಲಾಗುತ್ತದೆ ಎನ್ನುವುದು ಹೆಚ್ಚು ಸರಿ.

ಈಗ ನಿಮ್ಮ ಕಚೇರಿಯ ಸಿಟ್ಟಿನ ವಿಷಯ. ಆ ಸಿಟ್ಟಿನ ಒಳಗೆ ಒಂದು ದುಃಖವಿದೆ, ಅದನ್ನು ನಾನು ಗೌರವಿಸುತ್ತೇನೆ: ನಿಮ್ಮ ಯೌವನದ ಸಂಜೆಗಳು ಹೋದವು, ಅವು ಮರಳುವುದಿಲ್ಲ. ಕಿರಿಯರು ಸಮಯಕ್ಕೆ ಎದ್ದು ಹೊರಡುವುದು, ನಿಮ್ಮ ಸಂಜೆಗಳು ಹೋಗಲೇಬೇಕಾಗಿರಲಿಲ್ಲ ಎಂಬುದನ್ನು ನೆನಪಿಸುತ್ತದೆ. ಆ ನೆನಪನ್ನು ತಾಳಲಾರದೆ ಮನಸ್ಸು ಅದನ್ನು ನೀತಿಯ ತೀರ್ಪಾಗಿ ಬದಲಾಯಿಸಿ, ಅವರಿಗೆ ಶ್ರದ್ಧೆಯಿಲ್ಲ ಎನ್ನುತ್ತದೆ. ಕಷ್ಟವು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವುದು ಹೀಗೆಯೇ, ಕ್ರೌರ್ಯದಿಂದಲ್ಲ, ಅಳದೆ ಉಳಿದ ದುಃಖದಿಂದ.

ಇದರ ಬೆಲೆಯನ್ನು ಮೂರನೆಯವರೂ ತೆರುತ್ತಾರೆ. ತರಬೇತಿಯಲ್ಲಿರುವ ಯುವ ವೈದ್ಯರು ಇಪ್ಪತ್ತನಾಲ್ಕು ಗಂಟೆಗೂ ಮೀರಿ ಸತತವಾಗಿ ದುಡಿಯುವುದನ್ನು ಆ ವೃತ್ತಿ ಬಹುಕಾಲ ಹದಗೊಳ್ಳುವ ಕ್ರಮವೆಂದೇ ಕಂಡಿತ್ತು. ಹಿರಿಯರೆಲ್ಲ ಅದನ್ನು ದಾಟಿ ಬಂದವರು, ಹೆಮ್ಮೆಯಿಂದ ಹೇಳಿಕೊಂಡವರು. 2004ರಲ್ಲಿ ಬಾಸ್ಟನ್‌ನ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕಗಳಲ್ಲಿ ನಡೆದ ಅಧ್ಯಯನದ ಫಲಿತಾಂಶ ಹೊರಬಂತು. ಅಂಥ ದೀರ್ಘ ಪಾಳಿಗಳ ಹಳೆಯ ಪದ್ಧತಿಯಲ್ಲಿ, ಪಾಳಿಯನ್ನು ಮೊಟಕುಗೊಳಿಸಿದ ಪದ್ಧತಿಗಿಂತ ಯುವ ವೈದ್ಯರಿಂದ ಸುಮಾರು ಶೇ 36ರಷ್ಟು ಹೆಚ್ಚು ಗಂಭೀರ ತಪ್ಪುಗಳಾಗಿದ್ದವು. ವೈದ್ಯರು ನಿದ್ದೆಗೆಟ್ಟು ಪಟ್ಟ ಪಾಡು ಅವರ ಚಾರಿತ್ರ್ಯವನ್ನು ಎಷ್ಟು ತಿದ್ದಿತೋ, ಆದರೆ ತಪ್ಪಿನ ಪೆಟ್ಟು ಬಿದ್ದದ್ದು ರೋಗಿಗಳ ಮೇಲೆ. ನಿಮ್ಮ ಕಿರಿಯ ಸಹೋದ್ಯೋಗಿ ಒಪ್ಪಿಕೊಂಡ ಕೆಲಸವನ್ನು ಒಪ್ಪಿದ ಸಮಯದಲ್ಲಿ, ಚೆನ್ನಾಗಿ ಮುಗಿಸಿದ್ದರೆ, ಎದ್ದು ಹೊರಡುವ ಹಕ್ಕು ಅವರಿಗಿದೆ. ಮುಗಿಸಿಲ್ಲವಾದರೆ ಮುಗಿಯದ ಕೆಲಸದ ಬಗ್ಗೆ ಮಾತಾಡಿ; ಎದ್ದ ಹೊತ್ತಿನ ಬಗ್ಗೆ ಬೇಡ.

ಮಗನ ವಿಷಯದಲ್ಲಿ ನೀವು ಹೇಳಿದ ಉಳಿಪೆಟ್ಟಿನ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಶಿಲ್ಪಿ ಕಲ್ಲನ್ನು ಆರಿಸುತ್ತಾನೆ, ಸೀಳು ಎಲ್ಲಿದೆ ಎಂದು ತಟ್ಟಿ ಕೇಳುತ್ತಾನೆ, ಎಲ್ಲಿ ಎಷ್ಟು ಬಲವೆಂದು ಅಳೆದು ಹೊಡೆಯುತ್ತಾನೆ. ಮೂರ್ತಿಯಾಗಿ ನಿಂತ ಕಲ್ಲು ನಮಗೆ ಕಾಣುತ್ತದೆ, ಒಡೆದು ಚೂರಾದ ಕಲ್ಲುಗಳು ಕಾಣುವುದಿಲ್ಲ. ಕಷ್ಟದಿಂದ ಮೇಲೆ ಬಂದವರ ಕಥೆಗಳನ್ನಷ್ಟೇ ನಾವು ಕೇಳುತ್ತೇವೆ, ಏಕೆಂದರೆ ಅದೇ ಕಷ್ಟದಲ್ಲಿ ಕುಸಿದವರನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ. ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಕುರಿತು ನಡೆದು 1998ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನದಲ್ಲಿ, ಬಾಲ್ಯದಲ್ಲಿ ಹಿಂಸೆ, ನಿಂದನೆ, ಮನೆಯೊಳಗಿನ ಅಸ್ಥಿರತೆಗಳಂಥ ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟಗಳನ್ನು ಕಂಡವರಲ್ಲಿ ಮದ್ಯವ್ಯಸನ, ಖಿನ್ನತೆ, ಆತ್ಮಹತ್ಯಾ ಪ್ರಯತ್ನಗಳ ಅಪಾಯ, ಅಂಥದ್ದನ್ನು ಕಾಣದವರಿಗಿಂತ ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚಾಗಿತ್ತು.

ಹಾಗಾದರೆ ಕಷ್ಟದಿಂದ ಒಳಿತು ಆಗುವುದೇ ಇಲ್ಲವೇ? ಆಗುತ್ತದೆ, ಅದನ್ನು ಮುಚ್ಚಿಡಬಾರದು. 2010ರ ಒಂದು ಅಧ್ಯಯನದಲ್ಲಿ, ಬದುಕಿನಲ್ಲಿ ಒಂದಿಷ್ಟು ಆಘಾತಗಳನ್ನು ಕಂಡವರು, ಏನನ್ನೂ ಕಾಣದವರಿಗಿಂತಲೂ ಬಹಳಷ್ಟನ್ನು ಕಂಡವರಿಗಿಂತಲೂ ಮಾನಸಿಕವಾಗಿ ಚೆನ್ನಾಗಿದ್ದರು. ಆದರೆ ಕಷ್ಟದ ಯಾವ ಅಂಶ ಗಟ್ಟಿತನ ತರುತ್ತದೆ ಎಂಬುದು ಮುಖ್ಯ. ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮಾಯರ್ 1967ರಲ್ಲಿ ನಾಯಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತಕ್ಕೆ ಒಳಗಾದ ನಾಯಿಗಳಲ್ಲಿ ಬಹಳಷ್ಟು, ಆಮೇಲೆ ತಪ್ಪಿಸಿಕೊಳ್ಳುವ ದಾರಿ ಇದ್ದಾಗಲೂ ಪ್ರಯತ್ನಿಸದೆ ಬಿದ್ದುಕೊಂಡವು; ಅಷ್ಟೇ ಪ್ರಮಾಣದ ಆಘಾತವನ್ನು ತಾವೇ ನಿಲ್ಲಿಸಲು ಸಾಧ್ಯವಿದ್ದ ನಾಯಿಗಳಿಗೆ ಹಾಗಾಗಲಿಲ್ಲ. ಸುಮಾರು ಐವತ್ತು ವರ್ಷಗಳ ನಂತರ, 2016ರಲ್ಲಿ, ಅವರಿಬ್ಬರೂ ಮಿದುಳಿನ ಸಂಶೋಧನೆಗಳನ್ನು ಆಧರಿಸಿ, ಕೈಚೆಲ್ಲುವುದು ಕಲಿತ ನಡವಳಿಕೆ ಎಂಬ ತಮ್ಮ ಸಿದ್ಧಾಂತವನ್ನೇ ತಿದ್ದಿಕೊಂಡರು: ದೀರ್ಘ ಸಂಕಟದಲ್ಲಿ ಕೈಚೆಲ್ಲುವುದು ಕಲಿತದ್ದಲ್ಲ, ಅದು ಸಹಜ ಪ್ರತಿಕ್ರಿಯೆ, ಕಲಿಯಬೇಕಾದದ್ದು, ನನ್ನಿಂದ ಪರಿಸ್ಥಿತಿ ಬದಲಾಗುತ್ತದೆ ಎಂಬುದನ್ನು. ಎರಡೂ ಗುಂಪಿನ ನಾಯಿಗಳಿಗೆ ನೋವು ಸಮವಾಗಿತ್ತು. ವ್ಯತ್ಯಾಸ ಮಾಡಿದ್ದು ಕೈಯಲ್ಲಿದ್ದ ಹಿಡಿತ.

ಆದ್ದರಿಂದ ಮಗನಿಗೆ ಕೊಡಬೇಕಾದದ್ದು ಕಷ್ಟದ ಕೆಲಸ, ಸಂಕಟವಲ್ಲ. ಅವನಿಗೆ ಇಷ್ಟವಾದ, ಅವನ ಶಕ್ತಿಗಿಂತ ಒಂದು ಮೆಟ್ಟಿಲು ಮೇಲಿರುವ ಏನನ್ನಾದರೂ ಅವನೇ ಆರಿಸಿಕೊಳ್ಳಲಿ: ಒಂದು ವಾದ್ಯ, ಒಂದು ಕ್ರೀಡೆ, ಮನೆಯ ಒಂದು ಪೂರ್ಣ ಜವಾಬ್ದಾರಿ. ಎಡವಿದಾಗ ಬೈಗುಳ ಬೇಡ, ಓಡಿಹೋಗಿ ನೀವೇ ಮಾಡಿಕೊಡುವುದೂ ಬೇಡ. ಪಕ್ಕದಲ್ಲಿದ್ದು, ಮುಂದೇನು ಮಾಡಬಹುದು ಎಂದು ಕೇಳಿ. ಬೇಕೆಂದೇ ಹಣ ಕೊಡದೆ, ಅವಮಾನಿಸಿ, ಕಾಡಿಸಿ ಗಟ್ಟಿ ಮಾಡುತ್ತೇನೆ ಎಂದು ಹೊರಟರೆ ಅವನು ಕಲಿಯುವುದು, ಪ್ರೀತಿಸುವವರೂ ಕಾರಣವಿಲ್ಲದೆ ನೋಯಿಸುತ್ತಾರೆ ಎಂಬುದನ್ನು ಮಾತ್ರ. ಹೇಗೂ ಬದುಕು ಎಲ್ಲರಿಗೂ ತನ್ನ ಪಾಲಿನ ಪೆಟ್ಟು ಕೊಟ್ಟೇ ಕೊಡುತ್ತದೆ, ಅದಕ್ಕೆ ತಾಯಿಯಾದ ನಿಮ್ಮ ಸಹಾಯ ಬೇಕಿಲ್ಲ.

ಇನ್ನು ನಿಮ್ಮ ತಾಯಿಯೊಡನೆ ಹೇಗೆ ಮಾತಾಡಬೇಕು ಎಂಬುದು. ಅವರ ನಂಬಿಕೆಯನ್ನು ಮೂಢತನವೆಂದು ಖಂಡಿಸಬೇಡಿ. ಅವರು ಪಟ್ಟ ಕಷ್ಟದ ಬೆಲೆಯನ್ನು ಮೊದಲು ಬಾಯಿಬಿಟ್ಟು ಒಪ್ಪಿಕೊಳ್ಳಿ. "ಅಮ್ಮಾ, ನೀವು ನಮಗಾಗಿ ಮಾಡಿದ್ದಕ್ಕೆ ಒಂದು ಅರ್ಥವಿತ್ತು, ನಾವು ಬೆಳೆದೆವು. ಈ ಕಾಲುನೋವಿನಿಂದ ಯಾರು ಬೆಳೆಯುತ್ತಿದ್ದಾರೆ? ನೀವು ನರಳುವುದನ್ನು ನೋಡುವಾಗ ನನಗೆ ಸಂಕಟವಾಗುತ್ತದೆ" ಎಂಬಷ್ಟು ಸರಳವಾದ ಮಾತು ಸಾಕು. ಇತರರಿಗಾಗಿ ಬದುಕಿದವರಿಗೆ ತಮ್ಮ ನೋವು ಇತರರನ್ನು ಮುಟ್ಟುತ್ತದೆ ಎಂಬ ಮಾತು ಅರ್ಥವಾಗುತ್ತದೆ. ಆದರೆ ಇದನ್ನು ಬಹಳ ಎಳೆಯಬೇಡಿ, ಇಲ್ಲದಿದ್ದರೆ ಮಾತ್ರೆ ನುಂಗುವುದೂ ಮಕ್ಕಳಿಗಾಗಿ ಮಾಡುವ ಇನ್ನೊಂದು ತ್ಯಾಗವಾಗಿಬಿಡುತ್ತದೆ. ಎರಡು ವಾರದ ಮಟ್ಟಿಗೆ ವ್ಯಾಯಾಮ ಮಾಡಿ ನೋಡಿ, ಹಿಡಿಸದಿದ್ದರೆ ಬಿಡಿ ಎಂದು ಕೇಳಬಹುದು. ಆ ವ್ಯಾಯಾಮವನ್ನು ನೀವೂ ಅವರ ಪಕ್ಕದಲ್ಲೇ ಮಾಡಿದರೆ ಇನ್ನೂ ಒಳ್ಳೆಯದು. ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಮೆಟ್ಟಿಲು ಹತ್ತಲು ಎಷ್ಟು ಹೊತ್ತು ಬೇಕಾಗುತ್ತದೆ, ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ ಎಂಬುದನ್ನು ಬರೆದುಕೊಂಡು ಹೋಗಿ. "ಪರವಾಗಿಲ್ಲ" ಎನ್ನುವ ರೋಗಿಯ ಬಾಯಿಗಿಂತ ಈ ವಿವರಗಳಿಂದ ವೈದ್ಯರಿಗೆ ಹೆಚ್ಚು ತಿಳಿಯುತ್ತದೆ. ಇಷ್ಟಾದ ಮೇಲೂ ಎಲ್ಲ ತಿಳಿದು ಅವರು ಬೇಡವೆಂದರೆ, ಆ ದೇಹ ಅವರದು, ತೀರ್ಮಾನವೂ ಅವರದೇ. ನೀವು ಸೋತಿರಿ ಎಂದು ಅದರ ಅರ್ಥವಲ್ಲ.

ನಿಮ್ಮ ಸ್ವಂತದ ವಿಷಯಕ್ಕೆ ನಾನು ಒಂದೇ ಅಭ್ಯಾಸ ಸೂಚಿಸುತ್ತೇನೆ. ಭಾನುವಾರ ಆ ಅರ್ಧ ಗಂಟೆ ಮಲಗಿ. ಅಪರಾಧಿಭಾವ ಬರಲಿ, ಅದನ್ನು ಓಡಿಸಲು ಎದ್ದು ಕೆಲಸಕ್ಕೆ ತೊಡಗಬೇಡಿ, ಅದರೊಡನೆ ವಾದಿಸಲೂ ಹೋಗಬೇಡಿ. ಎದ್ದು ಕೆಲಸ ಮಾಡಿದಾಗಲೆಲ್ಲ ಆ ಭಾವಕ್ಕೆ ತಾನು ಹೇಳಿದ್ದೇ ಸರಿ ಎಂಬ ದೃಢೀಕರಣ ಸಿಗುತ್ತದೆ. ಏನೂ ಮಾಡದೆ ಉಳಿದಾಗ, ಯಾವ ಅನಾಹುತವೂ ಆಗಲಿಲ್ಲ ಎಂಬುದನ್ನು ಮನಸ್ಸು ನಿಧಾನವಾಗಿ ಕಲಿಯುತ್ತದೆ. ಮೊದಮೊದಲು ಈ ಅರ್ಧ ಗಂಟೆ ದುಡಿಮೆಗಿಂತ ಕಷ್ಟವೆನ್ನಿಸಿದರೆ ಗಾಬರಿಯಾಗಬೇಡಿ, ಬಹಳ ಮಂದಿಗೆ ಹಾಗೆಯೇ ಆಗುತ್ತದೆ, ಕೆಲವು ವಾರಗಳಲ್ಲಿ ಅದರ ಕಾವು ಇಳಿಯುತ್ತದೆ.

ಒಂದು ವೇಳೆ ಅದು ಇಳಿಯದೆ, ನಾನು ಶಿಕ್ಷೆಗೆ ಅರ್ಹಳು ಎಂಬ ಯೋಚನೆ ಪದೇ ಪದೇ ಬಂದರೆ, ಊಟ ಬಿಡುವುದು, ನಿದ್ದೆಗೆಡುವುದು, ಮೈಗೆ ನೋವು ಮಾಡಿಕೊಳ್ಳುವುದು ನೆಮ್ಮದಿ ಕೊಡುತ್ತಿದೆ ಎನ್ನಿಸಿದರೆ, ಅಥವಾ ಬದುಕೇ ಬೇಡವೆನ್ನಿಸಿದರೆ, ಅದು ಖಿನ್ನತೆಯ ಲಕ್ಷಣವಿರಬಹುದು. ಅದನ್ನು ಒಳಗೇ ನುಂಗಿಕೊಳ್ಳದೆ ತಡಮಾಡದೆ ಮನೋವೈದ್ಯರನ್ನು ಕಾಣಿ, ಮತ್ತು ಅವರು ಎಷ್ಟು ತೊಂದರೆಯಾಗುತ್ತಿದೆ ಎಂದು ಕೇಳಿದಾಗ ಇದ್ದದ್ದನ್ನು ಇದ್ದಷ್ಟೇ ಹೇಳಿ.